ಮಿಡಿಯಿಂದ ಆಡಿಯೊ: ಮನೆಯ ಸ್ಟುಡಿಯೊದಲ್ಲಿ ನಾದ ಇಳಿಸುವ ಕೆಲಸ

ಮಿಡಿ ಟ್ರ್ಯಾಕಿನಲ್ಲಿರುವ ನುಡಿಸಾಣಿಕೆಯ ಸೂಚನೆಗಳನ್ನು ಯಾವುದಾದರೂ ವಾದ್ಯದಿಂದ ನುಡಿಸಿ, ಹೊರಟ ನಾದವನ್ನು ಧ್ವನಿ ಫೈಲಾಗಿ ಹಿಡಿದಿಡುವುದನ್ನು ಮಿಡಿ–ಆಡಿಯೊ ಪರಿವರ್ತನೆ ಎನ್ನುತ್ತಾರೆ. ಸ್ಟುಡಿಯೊ ಮಾತಿನಲ್ಲಿ ಇದು ‘ಬೌನ್ಸ್ ಮಾಡುವುದು’ ಅಥವಾ ‘ರೆಂಡರ್ ಮಾಡುವುದು’. ಪರಿವರ್ತನೆ ಎಂಬ ರೂಢಿಯ ಹೆಸರು ತುಸು ದಾರಿ ತಪ್ಪಿಸುತ್ತದೆ. ಒಂದು ಬಗೆಯ ಧ್ವನಿ ಫೈಲನ್ನು ಇನ್ನೊಂದು ಬಗೆಗೆ ಬದಲಾಯಿಸಿದರೆ ಒಳಗಿನ ಹಾಡು ಹಾಗೆಯೇ ಉಳಿಯುತ್ತದೆ. ಮಿಡಿ ಫೈಲಿನಲ್ಲಿ ಬದಲಾಯಿಸುವುದಕ್ಕೆ ಧ್ವನಿಯೇ ಇಲ್ಲ. ಯಾವ ಸ್ವರ, ಯಾವ ಗಳಿಗೆಗೆ, ಎಷ್ಟು ಬಲದಿಂದ, ಎಷ್ಟು ಹೊತ್ತು ಎಂಬ ಲೆಕ್ಕವಷ್ಟೇ ಇದೆ. ಆ ಲೆಕ್ಕಕ್ಕೆ ಕಂಠ ಕೊಡುವ ವಾದ್ಯ ಯಾವುದೆಂದು ನಿರ್ಧರಿಸುವುದೇ ಈ ಕೆಲಸದ ತಿರುಳು.

ಕನ್ನಡ ಲಿಪಿಗೆ ಬಂದೊಡನೆ ಮಿಡಿ (MIDI) ಎಂಬ ಇಂಗ್ಲಿಷ್ ಹ್ರಸ್ವನಾಮ ತಾನಾಗಿ ಕನ್ನಡದ ಪದವಾಗಿಬಿಡುತ್ತದೆ. ಮಾವಿನ ಮಿಡಿ ಉಪ್ಪಿನಕಾಯಿ ಜಾಡಿಗೆ ಹೋಗುವ ಎಳೆಗಾಯಿ. ತಂತಿ ಮಿಡಿಯುವುದು ವೈಣಿಕರ ಕೆಲಸ. ಎರಡನೆಯ ಅರ್ಥ ಇಲ್ಲಿಗೆ ಚೆನ್ನಾಗಿ ಹೊಂದುತ್ತದೆ: ಬೆರಳು ಮಿಡಿದದ್ದರ ದಾಖಲೆ ಸಿಕ್ಕಿದೆ, ತಂತಿ ಇನ್ನೂ ಬಂದಿಲ್ಲ.

ಒಕ್ಕಣೆ ಮತ್ತು ಬಂಡೆ

ಸೂಚನೆಗೂ ನಾದಕ್ಕೂ ಇರುವ ಅಂತರಕ್ಕೆ ಹಳೆಯ ಹೋಲಿಕೆಯೊಂದಿದೆ. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಕಿರು ಬಂಡೆ ಶಾಸನವಿದೆ. ಬಿ. ಎಲ್. ರೈಸ್ ಅದನ್ನು 1892ರಲ್ಲಿ ಬೆಳಕಿಗೆ ತಂದರು. ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ ಬಂದ ಒಂದೇ ಆದೇಶವನ್ನು ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂಬ ಹತ್ತಿರ ಹತ್ತಿರದ ಮೂರು ಕಡೆ ಕೆತ್ತಲಾಯಿತು. ಲಿಪಿಕಾರನ ಹೆಸರು ಚಪಡ. ಶಾಸನವನ್ನೆಲ್ಲ ಬ್ರಾಹ್ಮಿಯಲ್ಲಿ ಬರೆದು, ತನ್ನ ವೃತ್ತಿಯ ಪದವೊಂದನ್ನು ಮಾತ್ರ ವಾಯವ್ಯ ಸೀಮೆಯ ಖರೋಷ್ಠಿಯಲ್ಲಿ ಬರೆದವನು. ಬಂದ ಒಕ್ಕಣೆ ಒಂದೇ ಆದರೂ ಬಂಡೆಯ ಮೈ, ಸಾಲು ಮುರಿದ ಜಾಗ, ಸವೆತ ಇವೆಲ್ಲ ಮೂರು ಕಡೆಯೂ ಬೇರೆ. ಮಿಡಿ ಆ ಒಕ್ಕಣೆಯ ಹಾಗೆ, ಆಡಿಯೊ ಕೆತ್ತಿ ಮುಗಿಸಿದ ಬಂಡೆಯ ಹಾಗೆ. ಒಕ್ಕಣೆಯಲ್ಲಿ ಒಂದು ಪದ ತಿದ್ದಲು ಕ್ಷಣ ಸಾಕು. ಬಂಡೆಯ ಮೇಲೆ ತಿದ್ದಿದರೆ ತಿದ್ದಿದ ಗುರುತು ಎರಡು ಸಾವಿರ ವರ್ಷ ಕಾಣುತ್ತದೆ.

ಮೊಳಕಾಲ್ಮೂರೇ ಒದಗಿಸುವ ಇನ್ನೊಂದು ಉದಾಹರಣೆ ಬರಿಯ ಹೋಲಿಕೆಯಲ್ಲ, ವಂಶಾವಳಿ. ಊರು ರೇಷ್ಮೆ ಸೀರೆಗೆ ಹೆಸರಾದದ್ದು. ಕೈಮಗ್ಗದ ಮೇಲೆ ಜಕಾರ್ಡ್ ಸಾಧನ ಕೂರಿಸಿದಾಗ ಅಂಚು ಸೆರಗುಗಳ ವಿನ್ಯಾಸವೆಲ್ಲ ತೂತು ಕೊರೆದ ರಟ್ಟಿನ ಕಾರ್ಡುಗಳ ಸರದಲ್ಲಿರುತ್ತದೆ. ತೂತು ಇದ್ದಲ್ಲಿ ಒಂದು ಎಳೆ ಮೇಲೇಳುತ್ತದೆ, ಇಲ್ಲದಲ್ಲಿ ಇಲ್ಲ. ಫ್ರಾನ್ಸಿನ ಜಕಾರ್ಡ್ 19ನೇ ಶತಮಾನದ ಆರಂಭದಲ್ಲಿ ಬಳಕೆಗೆ ತಂದ ಈ ಉಪಾಯವನ್ನೇ ಅದೇ ಶತಮಾನದ ಕೊನೆಗೆ ಯುರೋಪಿನ ಬೀದಿ ಆರ್ಗನ್ನುಗಳು ಎತ್ತಿಕೊಂಡವು. ತಾನಾಗಿ ನುಡಿಯುವ ಪಿಯಾನೊಗಳು ತೂತು ಕೊರೆದ ಕಾಗದದ ಸುರುಳಿಯನ್ನು ಓದಿದವು. ಇವತ್ತಿನ ರೆಕಾರ್ಡಿಂಗ್ ಸಾಫ್ಟ್‌ವೇರ್ ತೆರೆದು ಮಿಡಿ ಟ್ರ್ಯಾಕಿನ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಕಾಣುವ ಚೌಕಳಿ ಪುಟಕ್ಕೆ ಇಂದಿಗೂ ‘ಪಿಯಾನೊ ರೋಲ್’ ಎಂದೇ ಹೆಸರು. ಕಾರ್ಡಿನ ಸರವನ್ನು ಯಾರೂ ಉಟ್ಟುಕೊಳ್ಳಲಾರರು, ನೇಯಲೇಬೇಕು. ಅದೇ ಕಾರ್ಡಿನಲ್ಲಿ ರೇಷ್ಮೆಯನ್ನೂ ನೇಯಬಹುದು, ಹತ್ತಿಯನ್ನೂ ನೇಯಬಹುದು.

ಅಂಕಿಗಳು

ಒಂದು ಸ್ವರ ಹೊರಡಿಸುವ ಮಿಡಿ ಸಂದೇಶ ಮೂರು ಬೈಟ್‌ಗಳದು. ಮೊದಲನೆಯದು ‘ಸ್ವರ ಶುರು’ ಎಂಬ ಆಜ್ಞೆ ಮತ್ತು 16 ಚಾನೆಲ್‌ಗಳಲ್ಲಿ ಯಾವುದಕ್ಕೆ ಎಂಬ ಗುರುತು. ಎರಡನೆಯದು ಸ್ವರದ ಸಂಖ್ಯೆ. ಮೂರನೆಯದು ವೆಲಾಸಿಟಿ, ಅಂದರೆ ಕೀಬೋರ್ಡಿನ ಮನೆ (ಕೀ) ಒತ್ತಿದ ವೇಗ. ಸಂಖ್ಯೆಗಳು 0ಯಿಂದ 127ರ ವರೆಗೆ. 69 ಎಂದರೆ ಸೆಕೆಂಡಿಗೆ 440 ಕಂಪನದ ಎ ಸ್ವರ. 60 ಎಂದರೆ ಪಿಯಾನೊದ ನಡುವಿನ ಸಿ, ಹಾರ್ಮೋನಿಯಂ ಮಾಸ್ತರರ ‘ಬಿಳಿ ಒಂದು’. ‘ಕಪ್ಪು ಒಂದು’ 61 ಆಗುತ್ತದೆ. ಒಂದು ಬೈಟ್ 256 ಬೆಲೆಗಳನ್ನು ಹಿಡಿಯಬಲ್ಲದು. ಮಿಡಿ ಅದರ ಮೇಲಿನ ಅರ್ಧವನ್ನು ಆಜ್ಞೆಗಳಿಗೂ ಕೆಳಗಿನ ಅರ್ಧವನ್ನು ಅಂಕಿಗಳಿಗೂ ಹಂಚಿಕೊಂಡಿದೆ.

ಮೂಲ ಮಿಡಿ ತಂತಿಯಲ್ಲಿ ಸೆಕೆಂಡಿಗೆ 31,250 ಬಿಟ್ ಹರಿಯುತ್ತವೆ. ಮೂರು ಬೈಟ್‌ನ ಸಂದೇಶಕ್ಕೆ ಸುಮಾರು ಒಂದು ಮಿಲಿಸೆಕೆಂಡ್. ಇದಕ್ಕೆ ಹೋಲಿಸಿದರೆ ಆಡಿಯೊ ಹೊಟ್ಟೆಬಾಕ. ಸಿ.ಡಿ. ಮಟ್ಟದ ಸ್ಟೀರಿಯೊ ಧ್ವನಿ ಎಂದರೆ ಸೆಕೆಂಡಿಗೆ 44,100 ಅಳತೆ, ಪ್ರತಿ ಅಳತೆಗೆ 16 ಬಿಟ್, ಅದೂ ಎರಡು ಕಡೆಗೆ. ನಿಮಿಷಕ್ಕೆ ಹತ್ತು ಮೆಗಾಬೈಟ್ ಮೀರುತ್ತದೆ. ನಾಲ್ಕು ನಿಮಿಷದ ಹಾಡಿನ ಮಿಡಿ ಫೈಲು ಸಾಮಾನ್ಯವಾಗಿ ಕೆಲವೇ ಹತ್ತು ಕಿಲೋಬೈಟ್‌ನದಾದರೆ, ಅದರ ವೇವ್ ಫೈಲು 42 ಮೆಗಾಬೈಟ್‌ನದು.

ಬಂದ ದಾರಿ

1980ರ ಸುಮಾರಿಗೆ ಒಂದು ಕಂಪನಿಯ ಸಿಂಥಸೈಜರ್ ಇನ್ನೊಂದು ಕಂಪನಿಯದರ ಜೊತೆ ಮಾತಾಡುತ್ತಿರಲಿಲ್ಲ. ಅಮೆರಿಕದ ಸೀಕ್ವೆನ್ಷಿಯಲ್ ಸರ್ಕಿಟ್ಸ್‌ನ ಡೇವ್ ಸ್ಮಿತ್ ಮತ್ತು ಚೆಟ್ ವುಡ್ 1981ರಲ್ಲಿ ಎಲ್ಲರಿಗೂ ಒಂದೇ ಸಂಪರ್ಕ ಪದ್ಧತಿಯನ್ನು ಪ್ರಸ್ತಾಪಿಸಿದರು. ಜಪಾನಿನ ರೋಲ್ಯಾಂಡ್ ಸಂಸ್ಥೆಯ ಇಕುತಾರೊ ಕಾಕೆಹಾಶಿ ಜೊತೆಗೂಡಿದರು. 1983ರ ಜನವರಿಯಲ್ಲಿ ಅಮೆರಿಕದ ವಾದ್ಯ ವ್ಯಾಪಾರ ಮೇಳದಲ್ಲಿ ಸೀಕ್ವೆನ್ಷಿಯಲ್‌ನ ಒಂದು ಪ್ರಾಫೆಟ್-600 ಮತ್ತು ರೋಲ್ಯಾಂಡಿನ ಒಂದು ಜುಪಿಟರ್-6 ಸಿಂಥಸೈಜರ್ ಮೊದಲ ಸಲ ಒಂದೇ ಕೇಬಲ್ಲಿನಿಂದ ಮಾತಾಡಿದವು. ಸ್ಮಿತ್ ಮತ್ತು ಕಾಕೆಹಾಶಿ ಇದಕ್ಕಾಗಿ 2013ರಲ್ಲಿ ತಾಂತ್ರಿಕ ಗ್ರ್ಯಾಮಿ ಪಡೆದರು. ಹಾಡನ್ನು ಫೈಲಾಗಿ ಉಳಿಸುವ ಏಕರೂಪದ ಪದ್ಧತಿ 1983ರ ಮೇಳದ ಬಳಿಕ ಬಂತು.

1991ರ ಜನರಲ್ ಮಿಡಿ ಪಟ್ಟಿ ನಮಗೆ ಹೆಚ್ಚು ಮುಖ್ಯ. ಯಾವ ಸಂಖ್ಯೆಗೆ ಯಾವ ವಾದ್ಯ ಎಂದು ಅದು ಜಗತ್ತಿಗೆಲ್ಲ ಗೊತ್ತುಮಾಡಿತು. ಒಟ್ಟು 128 ಜಾಗಗಳು. ಅದರಲ್ಲಿ ಸಿತಾರಿಗೆ 105, ಶಹನಾಯಿಗೆ 112. ವೀಣೆ ಇಲ್ಲ, ಮೃದಂಗವಿಲ್ಲ, ತಬಲಾ ಇಲ್ಲ, ನಾಗಸ್ವರವಿಲ್ಲ. ಟೆಲಿಫೋನ್ ಗಂಟೆಗೂ ಬಂದೂಕಿನ ಸದ್ದಿಗೂ ಒಂದೊಂದು ಜಾಗ ಸಿಕ್ಕಿದೆ! ಹಾಗಾಗಿ ಮೃದಂಗದ ಭಾಗ ಬರೆದ ಮಿಡಿ ಫೈಲನ್ನು ಇನ್ನೊಬ್ಬರ ಕಂಪ್ಯೂಟರಿನಲ್ಲಿ ತೆರೆದರೆ ಪಾಶ್ಚಾತ್ಯ ಡ್ರಮ್ ಸೆಟ್ ದಡಬಡಿಸುವುದು ಇಂದಿಗೂ ನಿತ್ಯದ ಅನುಭವ. ನಮ್ಮ ವಾದ್ಯಗಳಿರುವ ಹಾಡನ್ನು ಬೇರೆಯವರಿಗೆ ಕಳಿಸುವ ಮುನ್ನ ಆಡಿಯೊ ಮಾಡಿಯೇ ಕಳಿಸಬೇಕಾದ ಕಾರಣ ಇಲ್ಲಿದೆ.

ಕನ್ನಡದ ಸಿನಿಮಾ ಹಾಡುಗಳು ದಶಕಗಳ ಕಾಲ ಮದರಾಸಿನ ಸ್ಟುಡಿಯೊಗಳಲ್ಲಿ ಹುಟ್ಟುತ್ತಿದ್ದವು. ಬೆಂಗಳೂರಿನಲ್ಲೇ ಧ್ವನಿಮುದ್ರಣ ಆಗಬೇಕೆಂದು ಶಂಕರ್‌ನಾಗ್ ಸಂಕೇತ್ ಸ್ಟುಡಿಯೊ ಕಟ್ಟಿದರು. 1987ರ ‘ಪ್ರೇಮಲೋಕ’ದ ಹಾಡುಗಳು ಹಂಸಲೇಖರ ಹೆಸರನ್ನೂ ಸಿಂಥಸೈಜರಿನ ನಾದವನ್ನೂ ಒಟ್ಟಿಗೇ ಹಳ್ಳಿಯ ಕ್ಯಾಸೆಟ್ ಪ್ಲೇಯರಿಗೆ ತಲುಪಿಸಿದವು. ಮನೆಯ ಹಿತ್ತಲಿನ ಸ್ಟುಡಿಯೊದಿಂದಲೇ ಸಿನಿಮಾ ಸಂಗೀತ ಹೊರಡಬಹುದೆಂಬುದನ್ನು ದಕ್ಷಿಣ ಭಾರತಕ್ಕೆ ತೋರಿಸಿದ್ದು ಎ. ಆರ್. ರೆಹಮಾನ್. ಕೋಡಂಬಾಕ್ಕಂ ಮನೆಯ ಅವರ ಪಂಚತನ್ ಸ್ಟುಡಿಯೊ 1989ರದು, ‘ರೋಜಾ’ 1992ರದು. ಇತ್ತ ಬೆಂಗಳೂರಿನಲ್ಲಿ ಎಂಜಿನಿಯರೂ ಕೊಳಲುವಾದಕರೂ ಆದ ಜಿ. ರಾಜನಾರಾಯಣ್ ಅವರ ರಾಡೆಲ್ ಸಂಸ್ಥೆ ಎಲೆಕ್ಟ್ರಾನಿಕ್ ತಂಬೂರಿ, ಶ್ರುತಿಪೆಟ್ಟಿಗೆ, ತಾಳಮಾಪಕಗಳನ್ನು ಕರ್ನಾಟಕ ಸಂಗೀತದ ಮನೆಗಳಿಗೆ ಒಯ್ದಿತು. ಯಂತ್ರದ ನಾದದ ಬಗ್ಗೆ ಸಂಪ್ರದಾಯಸ್ಥರಿಗಿದ್ದ ಅಳುಕು ಕರಗಿದ್ದರಲ್ಲಿ ಸಿನಿಮಾಕ್ಕಿಂತ ಈ ಪುಟ್ಟ ಪೆಟ್ಟಿಗೆಗಳ ಪಾಲೇ ದೊಡ್ಡದೆಂದು ತೋರುತ್ತದೆ.

ಚಳ್ಳಕೆರೆ, ಮೊಳಕಾಲ್ಮೂರಿನಂಥ ಊರುಗಳಿಗೆ ಮಿಡಿ ಬಂದದ್ದು ಸ್ಟುಡಿಯೊ ಮೂಲಕವಲ್ಲ, ಆರ್ಕೆಸ್ಟ್ರಾ ಮತ್ತು ನಾಟಕದ ಮೂಲಕ. ಪೌರಾಣಿಕ ನಾಟಕದ ಹಾರ್ಮೋನಿಯಂ ಪಕ್ಕದಲ್ಲಿ ಮೊದಲು ಕ್ಯಾಸಿಯೊ ಬಂದು ಕೂತಿತು, ಆಮೇಲೆ ರಿದಂ ಪ್ಯಾಡ್. ಭಾರತೀಯ ಟೋನ್‌ಗಳನ್ನು ತುಂಬಿಕೊಂಡ ಯಮಹಾ ಪಿಎಸ್‌ಆರ್-ಐ ಸರಣಿ, ರೋಲ್ಯಾಂಡ್ ಎಕ್ಸ್‌ಪಿಎಸ್-10 ಮೊದಲಾದ ಕೀಬೋರ್ಡ್‌ಗಳು ಇಂದು ಜಾತ್ರೆಯ ವೇದಿಕೆಗಳಲ್ಲಿ ಸಾಮಾನ್ಯ. ವೇದಿಕೆಯಲ್ಲಿ ನುಡಿಸುವವರಿಗೆ ಪರಿವರ್ತನೆಯ ತಾಪತ್ರಯವಿಲ್ಲ. ನಾದ ಆಗಲೇ ಸ್ಪೀಕರಿನಿಂದ ಹೊರಟಿರುತ್ತದೆ. ಅದೇ ಕಲಾವಿದ ಮನೆಯಲ್ಲಿ ಕೂತು ಹಾಡೊಂದನ್ನು ಮಾಡಿ ಯೂಟ್ಯೂಬಿಗೆ ಹಾಕಹೊರಟಾಗ ತೊಡಕು ಶುರುವಾಗುತ್ತದೆ.

ಮೌನದ ಫೈಲು

ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ ಜಾತ್ರೆಯ ಹೊತ್ತಿಗೆ ಒಂದು ಭಕ್ತಿಗೀತೆ ಸಿದ್ಧವಾಗಬೇಕೆಂದು ಇಟ್ಟುಕೊಳ್ಳೋಣ. ಕೀಬೋರ್ಡನ್ನು ಯುಎಸ್‌ಬಿ ತಂತಿಯಿಂದ ಕಂಪ್ಯೂಟರಿಗೆ ಜೋಡಿಸಿ, ಕೊಳಲು, ತಂತಿವಾದ್ಯ, ಬೇಸ್, ತಾಳ ಎಂದು ಆರೆಂಟು ಟ್ರ್ಯಾಕ್ ನುಡಿಸಿದ್ದಾಯಿತು. ಕೇಳಿದರೆ ಹಾಡು ಚೆನ್ನಾಗಿ ನುಡಿಯುತ್ತಿದೆ. ಎಕ್ಸ್‌ಪೋರ್ಟ್ ಒತ್ತಿದರೆ ಬಂದ ವೇವ್ ಫೈಲಿನಲ್ಲಿ ಏನೂ ಕೇಳದು. ಹೊಸಬರೆಲ್ಲ ಒಮ್ಮೆ ಬೀಳುವ ಗುಂಡಿ ಇದು. ಕಾರಣ ಸರಳ: ಕೇಳುತ್ತಿದ್ದ ನಾದ ರೆಕಾರ್ಡಿಂಗ್ ಸಾಫ್ಟ್‌ವೇರಿನ ಒಳಗೆ ಹುಟ್ಟುತ್ತಿರಲಿಲ್ಲ. ಸಾಫ್ಟ್‌ವೇರ್ ಬರಿಯ ಸೂಚನೆಗಳನ್ನು ಹೊರಗೆ ಕಳಿಸುತ್ತಿತ್ತು. ಕೀಬೋರ್ಡಿನ ಒಳಗಿನ ಟೋನ್ ಅಥವಾ ವಿಂಡೋಸಿನ ಜೊತೆಗೇ ಬರುವ ಜಿಎಸ್ ವೇವ್‌ಟೇಬಲ್ ಸಿಂಥ್ ಅದನ್ನು ನುಡಿಸುತ್ತಿತ್ತು. ತನ್ನ ಒಳಗೆ ಹಾದುಹೋಗದ ನಾದವನ್ನು ಸಾಫ್ಟ್‌ವೇರ್ ಫೈಲಿಗೆ ಬರೆಯುವುದು ಹೇಗೆ?

ಪರಿಹಾರಕ್ಕೆ ಎರಡು ದಾರಿಗಳಿವೆ. ಮೊದಲನೆಯದು ವಾದ್ಯವನ್ನೇ ಸಾಫ್ಟ್‌ವೇರಿನ ಒಳಗೆ ತರುವುದು. ಪ್ರತಿ ಮಿಡಿ ಟ್ರ್ಯಾಕಿಗೂ ಒಂದು ವಾದ್ಯ ಪ್ಲಗಿನ್ ಕೂರಿಸಬೇಕು. ಸ್ಟೈನ್‌ಬರ್ಗ್ ಸಂಸ್ಥೆ 1996ರಲ್ಲಿ ತಂದ ವಿಎಸ್‌ಟಿ ಪದ್ಧತಿ ಕೆಲವೇ ವರ್ಷಗಳಲ್ಲಿ ವಾದ್ಯಗಳಿಗೂ ವಿಸ್ತರಿಸಿತು. ಅಂದಿನಿಂದ ಸಾವಿರಾರು ಇಂಥ ವಾದ್ಯಗಳು ಬಂದಿವೆ. ಹಣ ಹಾಕಲಾರದವರು ಸೌಂಡ್‌ಫಾಂಟ್ ಬಳಸಬಹುದು. ನಿಜವಾದ ವಾದ್ಯದ ಸ್ವರಗಳನ್ನು ಒಂದೊಂದಾಗಿ ಮುದ್ರಿಸಿ ಕಟ್ಟಿದ ಗಂಟು ಅದು. ಫ್ಲೂಯಿಡ್‌ಸಿಂಥ್ ಎಂಬ ಉಚಿತ ತಂತ್ರಾಂಶ ಮಿಡಿ ಫೈಲು ಮತ್ತು ಸೌಂಡ್‌ಫಾಂಟ್ ಎರಡನ್ನೂ ತೆಗೆದುಕೊಂಡು ನೇರವಾಗಿ ವೇವ್ ಫೈಲು ಕೊಡುತ್ತದೆ. ಸ್ವರಲಿಪಿ ಬರೆಯುವವರಿಗೆ ಪರಿಚಿತವಾದ ಮ್ಯೂಸ್‌ಸ್ಕೋರ್ ಕೂಡ ಈ ಕೆಲಸ ಮಾಡಬಲ್ಲದು. ಒಳಗಿನ ದಾರಿಯಲ್ಲಿ ನೈಜ ಸಮಯ ಕಾಯಬೇಕಿಲ್ಲ. ನಾಲ್ಕು ನಿಮಿಷದ ಹಾಡು ಸಾಧಾರಣ ಕಂಪ್ಯೂಟರಿನಲ್ಲೂ ಅದಕ್ಕಿಂತ ಬೇಗ ಇಳಿದುಬಿಡುತ್ತದೆ. ನಡುವೆ ಕರೆಂಟ್ ಹೋದರೆ ಇನ್ನೊಮ್ಮೆ ಒತ್ತಿದರಾಯಿತು.

ರೆಕಾರ್ಡಿಂಗ್ ಸಾಫ್ಟ್‌ವೇರಿನಲ್ಲಿ ‘ಫ್ರೀಜ್’ ಎಂಬ ಇನ್ನೊಂದು ಆಯ್ಕೆ ಕಾಣುತ್ತದೆ. ಅದು ತಾತ್ಕಾಲಿಕ ಪರಿವರ್ತನೆ. ಭಾರವಾದ ವಾದ್ಯಗಳು ಪ್ರೊಸೆಸರನ್ನು ಹಿಂಡುತ್ತಿರುವಾಗ ಟ್ರ್ಯಾಕನ್ನು ಸದ್ಯಕ್ಕೆ ಆಡಿಯೊ ಮಾಡಿ ಹೊರೆ ಇಳಿಸುತ್ತದೆ. ತಿದ್ದಬೇಕೆನಿಸಿದಾಗ ಕರಗಿಸಿ ಮತ್ತೆ ಮಿಡಿಗೆ ಮರಳಬಹುದು. ಹಳೆಯ ಲ್ಯಾಪ್‌ಟಾಪಿನಲ್ಲಿ ಕೆಲಸ ಮಾಡುವವರಿಗೆ ಇದೇ ನಿಜವಾದ ವರ.

ಎರಡನೆಯ ದಾರಿ ಕೀಬೋರ್ಡಿನ ಟೋನನ್ನೇ ಬಯಸುವವರದು. ಅನೇಕ ಕೀಬೋರ್ಡ್‌ಗಳ ಯುಎಸ್‌ಬಿ ತಂತಿಯಲ್ಲಿ ಹರಿಯುವುದು ಮಿಡಿ ಮಾತ್ರ, ಧ್ವನಿಯಲ್ಲ. ಆದ್ದರಿಂದ ಹಿಂಬದಿಯ ಎಡ–ಬಲ ಲೈನ್ ಔಟ್‌ಗಳಿಂದ ಎರಡು ಕೇಬಲ್ ತೆಗೆದು ಆಡಿಯೊ ಇಂಟರ್‌ಫೇಸಿಗೆ ಕೊಡಬೇಕು. ಲೈನ್ ಔಟ್ ಇಲ್ಲದ ಚಿಕ್ಕ ಕೀಬೋರ್ಡಿನಲ್ಲಿ ಹೆಡ್‌ಫೋನ್ ತೂತೇ ಗತಿ. ಕಂಪ್ಯೂಟರ್ ಮಿಡಿ ಟ್ರ್ಯಾಕನ್ನು ಕೀಬೋರ್ಡಿಗೆ ನುಡಿಸುತ್ತದೆ, ಕೀಬೋರ್ಡಿನ ನಾದ ಇನ್ನೊಂದು ಆಡಿಯೊ ಟ್ರ್ಯಾಕಿನಲ್ಲಿ ಮುದ್ರಣವಾಗುತ್ತದೆ. ಒಂದೊಂದು ವಾದ್ಯವನ್ನೂ ಬೇರೆ ಬೇರೆ ತೆಗೆಯಬೇಕು. ಎಂಟು ಟ್ರ್ಯಾಕಿನ ನಾಲ್ಕು ನಿಮಿಷದ ಹಾಡಿಗೆ ಕನಿಷ್ಠ 32 ನಿಮಿಷ. ಎಲ್ಲವನ್ನೂ ಒಟ್ಟಿಗೆ ಸ್ಟೀರಿಯೊದಲ್ಲಿ ಹೊಡೆದುಕೊಂಡರೆ ಕೊಳಲು ತುಸು ಜೋರಾಯಿತೆಂದು ಆಮೇಲೆ ಅನಿಸಿದಾಗ ಮಾಡುವುದಕ್ಕೇನೂ ಉಳಿದಿರುವುದಿಲ್ಲ. ಪ್ರತಿ ಟ್ರ್ಯಾಕಿನ ತಲೆಯಲ್ಲಿ, ಹಾಡಿಗೆ ಒಂದು ಆವರ್ತ ಮೊದಲು, ಒಂದೇ ಒಂದು ಚುರುಕಾದ ಪೆಟ್ಟನ್ನು ಇಟ್ಟುಕೊಳ್ಳುವುದು ಹಳಬರ ಉಪಾಯ. ಮಿಡಿ ಹೋಗಿ ನಾದ ಮರಳುವಷ್ಟರಲ್ಲಿ ಕೆಲವು ಮಿಲಿಸೆಕೆಂಡ್ ತಡವಾಗಿರುತ್ತದೆ; ಆ ಪೆಟ್ಟುಗಳನ್ನು ಒಂದೇ ಗೆರೆಗೆ ತಂದರೆ ಹಾಡೆಲ್ಲ ಸರಿಹೋಗುತ್ತದೆ. ಗುಂಯ್ ಎಂಬ ಸದ್ದು ಸೇರಿಕೊಂಡರೆ ಮೊದಲು ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ನೋಡಬೇಕು. ಎಷ್ಟೋ ಸಲ ಅರ್ಥಿಂಗ್‌ನ ತಂಟೆ ಅಲ್ಲಿಗೇ ಮುಗಿಯುತ್ತದೆ. ಈ ದಾರಿಯಲ್ಲಿ ಯುಪಿಎಸ್ ಬೇಕೇಬೇಕು.

ಎರಡರಲ್ಲಿ ಯಾವುದು ಮೇಲು? ತಾಳ, ಬೇಸ್, ತಂತಿವಾದ್ಯಗಳಿಗೆ ಒಳಗಿನ ದಾರಿಯೇ ಸಲೀಸು. ಆದರೆ ಒಬ್ಬ ಕಲಾವಿದ ಹತ್ತು ವರ್ಷ ಬೆರಳಾಡಿಸಿದ ಶಹನಾಯಿ ಟೋನ್ ಆ ಕೀಬೋರ್ಡಿನಲ್ಲೇ ಇರುತ್ತದೆ. ಅದಕ್ಕೆ ತಕ್ಕಂತೆ ಆತನ ಒತ್ತು, ಜಾರು ಎಲ್ಲ ಪಳಗಿರುತ್ತವೆ. ಅದೇ ಮಿಡಿಯನ್ನು ಇನ್ನೊಂದು ಪ್ಲಗಿನ್‌ಗೆ ಕೊಟ್ಟರೆ ಬೇರೆಯವರ ಅಂಗಿ ತೊಟ್ಟಂತಾಗುತ್ತದೆ. ಪ್ಲಗಿನ್ ದುಬಾರಿಯದು ಎಂಬ ಒಂದೇ ಕಾರಣಕ್ಕೆ ಪಳಗಿದ ಟೋನನ್ನು ಬಿಟ್ಟುಕೊಡಬೇಕಿಲ್ಲ.

ಸದ್ದು ಹೀರಲೆಂದು ಗೋಡೆಗೆ ತೂಗುಹಾಕುವ ಚಳ್ಳಕೆರೆಯ ಕಂಬಳಿಗೆ ಈ ಹಂತದಲ್ಲಿ ಕೆಲಸವಿಲ್ಲ. ಎರಡು ದಾರಿಯಲ್ಲೂ ಮೈಕ್ ಇಲ್ಲವಾದ್ದರಿಂದ ಫ್ಯಾನಿನ ಸದ್ದು, ಎಣ್ಣೆ ಮಿಲ್ಲಿನ ಮೊರೆತ, ಬೀದಿಯ ನಾಯಿ ಯಾವುದೂ ಟ್ರ್ಯಾಕಿಗೆ ಬೀಳುವುದಿಲ್ಲ. ಗಾಯನ ಮುದ್ರಿಸುವಾಗ ಕಂಬಳಿ ಬೇಕಾಗುತ್ತದೆ. ದಪ್ಪ ಉಣ್ಣೆ ಗೋಡೆಯಿಂದ ಮರಳುವ ಮೇಲಿನ ಸ್ಥಾಯಿಯ ಸದ್ದನ್ನು ಚೆನ್ನಾಗಿ ಹೀರುತ್ತದೆ. ಮಿಲ್ಲಿನ ಕೆಳಸ್ಥಾಯಿಯ ಮೊರೆತವನ್ನು ಎಷ್ಟು ಕಂಬಳಿಯೂ ತಡೆಯದು. ಅದಕ್ಕೆ ರಾತ್ರಿ ಮಿಲ್ ನಿಲ್ಲುವವರೆಗೆ ಕಾಯುವುದೇ ಮದ್ದು.

ಎಡವುವ ಜಾಗಗಳು

ಆಡಿಯೊ ಮಾಡುವ ಮುನ್ನ ಗಾಯಕರ ಶ್ರುತಿಯನ್ನು ಗಟ್ಟಿ ಮಾಡಿಕೊಳ್ಳಬೇಕು. ಮಿಡಿಯಲ್ಲಿ ಬಿಳಿ ಒಂದರಿಂದ ಕಪ್ಪು ಒಂದಕ್ಕೆ ಏರಿಸುವುದೆಂದರೆ ತಾಳದ ಟ್ರ್ಯಾಕ್ ಬಿಟ್ಟು ಉಳಿದೆಲ್ಲ ಸ್ವರಸಂಖ್ಯೆಗೂ ಒಂದು ಕೂಡಿಸುವುದು, ಅಷ್ಟೇ. ನಾದ ಕಿಂಚಿತ್ತೂ ಕೆಡದು. ಆಡಿಯೊ ಆದ ಮೇಲೆ ಏರಿಸಿದರೆ ಕೊಳಲು ಪೀಪಿಯಾಗುತ್ತದೆ, ತಬಲಾ ತಗಡಾಗುತ್ತದೆ. ಲಯಕ್ಕೂ ಇದೇ ಮಾತು ಅನ್ವಯ. ಹಾಡಿನ ವೇಗ ಎರಡು ಮಾತ್ರೆ ಹೆಚ್ಚಿರಬೇಕಿತ್ತು ಎಂಬ ಜ್ಞಾನೋದಯ ಬೌನ್ಸ್ ಮುಗಿದ ಮೇಲೆ ಆಗುವುದೇ ಹೆಚ್ಚು.

ಮಾದರಿ ದರ, ಅಂದರೆ ಸೆಕೆಂಡಿಗೆ ಎಷ್ಟು ಅಳತೆ ಎಂಬುದು, ಎಡವುವ ಇನ್ನೊಂದು ಜಾಗ. ಹಾಡನ್ನು 44,100ರಲ್ಲಿ ಇಳಿಸಿ, ಅದನ್ನು 48,000ದ್ದೆಂದು ತಪ್ಪಾಗಿ ತಿಳಿದ ಯೋಜನೆಯಲ್ಲಿ ನುಡಿಸಿದರೆ ಶ್ರುತಿ ಸುಮಾರು ಒಂದೂವರೆ ಸ್ವರಸ್ಥಾನ ಮೇಲೇರುತ್ತದೆ, ಹಾಡು ಬೇಗ ಮುಗಿಯುತ್ತದೆ. ಇಂದಿನ ಸಾಫ್ಟ್‌ವೇರ್‌ಗಳು ಬಹುಮಟ್ಟಿಗೆ ತಾವೇ ಸರಿಪಡಿಸಿಕೊಂಡರೂ, ಮೊದಲೇ ಒಂದನ್ನು ನಿಶ್ಚಯಿಸುವುದು ಒಳ್ಳೆಯದು. ವಿಡಿಯೊಗೆ ಹೋಗುವ ಹಾಡಾದರೆ 48,000 ದರ, 24 ಬಿಟ್ ಸರಿ. ಎಂಪಿ3ಗೆ ನೇರ ಇಳಿಸುವುದು ಕೊನೆಯ ಪ್ರತಿಗೆ ಮಾತ್ರ. ಮಿಕ್ಸ್ ಮಾಡುವ ಟ್ರ್ಯಾಕುಗಳು ವೇವ್‌ನಲ್ಲೇ ಇರಲಿ. ಮಟ್ಟವನ್ನು ಅತಿ ಮೇಲಕ್ಕೆ ತಳ್ಳಬೇಕಿಲ್ಲ. 24 ಬಿಟ್‌ನಲ್ಲಿ ಸದ್ದಿನ ತಳ ಎಷ್ಟು ಕೆಳಗಿದೆಯೆಂದರೆ ಗರಿಷ್ಠಕ್ಕಿಂತ 6ರಿಂದ 12 ಡೆಸಿಬೆಲ್ ಕೆಳಗೆ ನಿಂತರೂ ಏನೂ ನಷ್ಟವಿಲ್ಲ.

ಕೊನೆಯ ಸ್ವರ ಬಿಟ್ಟ ಮೇಲೂ ತಂಬೂರಿಯ ಅನುರಣನ, ರಿವರ್ಬ್ ಕೆಲವು ಸೆಕೆಂಡ್ ಉಳಿಯುತ್ತದೆ. ಮಿಡಿ ಸೂಚನೆ ಮುಗಿದಲ್ಲಿಗೇ ರೆಂಡರ್ ನಿಲ್ಲಿಸಿದರೆ ಹಾಡಿನ ಬಾಲ ಕತ್ತರಿಸುತ್ತದೆ. ನಾಲ್ಕೈದು ಸೆಕೆಂಡ್ ಹೆಚ್ಚು ಕೊಡಬೇಕು. ರಿವರ್ಬನ್ನೇ ಆರಿಸಿ ಒಣ ನಾದವನ್ನು ಇಳಿಸುವುದು ಇನ್ನೂ ಮೇಲು, ಏಕೆಂದರೆ ಹಾಕಿದ ರಿವರ್ಬನ್ನು ಆಮೇಲೆ ಒರೆಸಲಾಗದು.

ಸ್ವರಗಳ ನಡುವೆ

ಹಾರ್ಮೋನಿಯಂ ಮೇಲಿನ ಹಳೆಯ ಆಕ್ಷೇಪವೇ ಮಿಡಿಯ ಮೇಲೂ ಇದೆ. ಸ್ವರಕ್ಕೊಂದು ಸಂಖ್ಯೆ ಕೊಟ್ಟರೆ ಗಮಕ ಎಲ್ಲಿ ಹೋಗಬೇಕು? ತೋಡಿಯ ಗಾಂಧಾರ ಒಂದು ಜಾಗದಲ್ಲಿ ನಿಲ್ಲುವ ಸ್ವರವೇ ಅಲ್ಲ, ಅದೊಂದು ಓಲಾಟ. ಮಿಡಿ ಇದಕ್ಕಿಟ್ಟ ಕಿಂಡಿ ಪಿಚ್ ಬೆಂಡ್. ಅದರಲ್ಲಿ 128 ಅಲ್ಲ, 16,384 ಮೆಟ್ಟಿಲುಗಳಿವೆ. ಕೀಬೋರ್ಡಿನ ಎಡತುದಿಯ ಚಕ್ರ ಅಥವಾ ಕಡ್ಡಿಯಿಂದ ಅದನ್ನು ಕಳಿಸುತ್ತಾರೆ. ಪಳಗಿದ ಕೈ ಅದರಿಂದ ಜಾರು, ಕಂಪಿತಗಳನ್ನು ಆಶ್ಚರ್ಯವಾಗುವಷ್ಟು ಚೆನ್ನಾಗಿ ತೆಗೆಯುತ್ತದೆ.

ಪರಿವರ್ತನೆಯಲ್ಲಿ ಗಮಕ ಸಾಯುವುದು ಸಾಮಾನ್ಯವಾಗಿ ಒಂದೇ ಕಾರಣಕ್ಕೆ. ಬೆಂಡ್ ಸಂದೇಶ ‘ಪೂರ್ತಿ ಮೇಲೆ’ ಎಂದಷ್ಟೇ ಹೇಳುತ್ತದೆ. ಪೂರ್ತಿ ಎಂದರೆ ಎಷ್ಟು ಸ್ವರಸ್ಥಾನ ಎಂಬುದನ್ನು ನುಡಿಸುವ ವಾದ್ಯ ನಿರ್ಧರಿಸುತ್ತದೆ. ಬಹುತೇಕ ವಾದ್ಯಗಳಲ್ಲಿ ಅದು 2. ಕಲಾವಿದ ತನ್ನ ಕೀಬೋರ್ಡಿನಲ್ಲಿ 12 ಇಟ್ಟುಕೊಂಡು ನುಡಿಸಿದ್ದರೆ, 2 ಇರುವ ಪ್ಲಗಿನ್‌ನಲ್ಲಿ ಪ್ರತಿ ಜಾರೂ ಆರನೇ ಒಂದು ಭಾಗಕ್ಕೆ ಕುಗ್ಗುತ್ತದೆ. ಷಡ್ಜದಿಂದ ಪಂಚಮಕ್ಕೆ ಏರಬೇಕಾದ ಜಾರು ಶುದ್ಧ ರಿಷಭವನ್ನು ಸ್ವಲ್ಪ ದಾಟಿ ನಿಲ್ಲುತ್ತದೆ. ರಾಗ ಮುರುಟಿಹೋಗಿದೆ ಎಂದು ವಾದ್ಯವನ್ನು ಬೈಯುವ ಮುನ್ನ ಈ ಒಂದು ಅಂಕಿಯನ್ನು ನೋಡಬೇಕು. ಇನ್ನೊಂದು ಮಿತಿ: ಬೆಂಡ್ ಇಡೀ ಚಾನೆಲ್ಲಿಗೆ ಅನ್ವಯಿಸುತ್ತದೆ. ಶ್ರುತಿಯ ಷಡ್ಜ ಮತ್ತು ಹಾಡಿನ ಸ್ವರ ಒಂದೇ ಚಾನೆಲ್ಲಿನಲ್ಲಿದ್ದರೆ ಗಾಂಧಾರದ ಜೊತೆ ಷಡ್ಜವೂ ಓಲಾಡುತ್ತದೆ. ಕೇಳುವವರಿಗೆ ತಲೆ ಸುತ್ತುತ್ತದೆ. 2018ರಲ್ಲಿ ಅಂಗೀಕಾರವಾದ ಎಂಪಿಇ ಪದ್ಧತಿ ಸ್ವರಕ್ಕೊಂದು ಚಾನೆಲ್ ಕೊಟ್ಟು, 2020ರ ಮಿಡಿ 2.0 ಪ್ರತಿ ಸ್ವರಕ್ಕೂ ತನ್ನದೇ ಬೆಂಡ್ ಕೊಟ್ಟು ಇದನ್ನು ಸರಿಪಡಿಸಿವೆ. ಆದರೂ ಜಾತ್ರೆಯ ವೇದಿಕೆಯಲ್ಲಿ ನಡೆಯುತ್ತಿರುವುದು ಹಳೆಯ ಮಿಡಿಯೇ.

ಚೆನ್ನೈನ ಎಂ. ಸುಬ್ರಮಣಿಯನ್ ರೂಪಿಸಿದ ‘ಗಾಯಕ’ ತಂತ್ರಾಂಶ ಬೇರೆ ಹಾದಿ ಹಿಡಿಯಿತು. ಸರಿಗಮ ಸ್ವರಲಿಪಿಯಲ್ಲೇ ಗಮಕವನ್ನೂ ಬರೆದು ನೇರ ನಾದವಾಗಿಸುವ ಪ್ರಯತ್ನ ಅದು. ಮಿಡಿಯ ಪಟ್ಟಿಗೆ ನಮ್ಮ ಸಂಗೀತವನ್ನು ಬಗ್ಗಿಸುವ ಬದಲು ಸಂಗೀತದಿಂದಲೇ ಪಟ್ಟಿ ಬರೆದದ್ದು ಎಂದು ಇದನ್ನು ಗೌರವದಿಂದ ಕಾಣಬೇಕು.

ಉರುಮೆ, ಗಣೆ

ಬ್ರಹ್ಮಗಿರಿಯ ಸುತ್ತಲಿನ ನಾದಕ್ಕೆ ಬಂದರೆ ಈ ಚರ್ಚೆ ಇನ್ನೂ ತೀಕ್ಷ್ಣವಾಗುತ್ತದೆ. ಇದು ಮ್ಯಾಸಬೇಡರ, ಕಾಡುಗೊಲ್ಲರ ನೆಲ. ಗೌರಸಮುದ್ರದ ಮಾರಮ್ಮನ ಮುಂದೆ, ಹಟ್ಟಿಯ ದೇವರ ಮುಂದೆ ಉರುಮೆ ನುಡಿಯುತ್ತದೆ; ಕಾಡುಗೊಲ್ಲರ ವೀರ ಜುಂಜಪ್ಪನ ಕಥನಕ್ಕೆ ಉದ್ದನೆಯ ಬಿದಿರ ಗಣೆ ಜೊತೆಗೂಡುತ್ತದೆ. ಯಾವ ಮಿಡಿ ಪಟ್ಟಿಯಲ್ಲೂ ಇವಕ್ಕೆ ಸಂಖ್ಯೆಯಿಲ್ಲ. ಸ್ವರ್‌ಪ್ಲಗ್‌ನಂಥ ಭಾರತೀಯ ವಾದ್ಯಗಳ ಸಂಗ್ರಹಗಳಲ್ಲಿ ತಬಲಾ, ಮೃದಂಗ, ಘಟ ಧಾರಾಳವಾಗಿ ಸಿಗುತ್ತವೆ. ಹಟ್ಟಿಯ ಉರುಮೆ ಬೇಕಿದ್ದರೆ ತಾವೇ ಮುದ್ರಿಸಿಕೊಳ್ಳಬೇಕು.

ತಮಟೆಯಾದರೆ ಅದು ಸುಲಭ. ಒಂದೊಂದು ಪೆಟ್ಟನ್ನು ಮೆಲ್ಲಗೆ, ನಡುವೆ, ಜೋರಾಗಿ ಎಂದು ಕೆಲವು ಸಲ ಮುದ್ರಿಸಿ ಸ್ಯಾಂಪ್ಲರಿಗೆ ಹಾಕಿದರೆ ಮಿಡಿಯಿಂದ ನುಡಿಸಬಹುದು. ಒಂದೇ ಬಲಕ್ಕೆ ಮೂರು ನಾಲ್ಕು ಬೇರೆ ಬೇರೆ ಪೆಟ್ಟುಗಳಿದ್ದು ಸರದಿಯಲ್ಲಿ ಬಂದರೆ ಯಂತ್ರದ ವಾಸನೆಯೂ ಕಡಿಮೆ. ಉರುಮೆ ಹೀಗೆ ಬಗ್ಗುವುದಿಲ್ಲ. ಅದರ ಒಂದು ಮುಖವನ್ನು ಬಾಗಿದ ಕಡ್ಡಿಯಿಂದ ಉಜ್ಜುತ್ತಾರೆ, ಆಗ ಹೊರಡುವ ನರಳುವಂಥ ನಾದ ಪೆಟ್ಟಲ್ಲ. ಅದಕ್ಕೆ ಶುರುವೂ ಕೊನೆಯೂ ಗೊತ್ತಾಗುವಂತಿಲ್ಲ. ಮಿಡಿಗೆ ಬೇಕಾದ ‘ಸ್ವರ ಶುರು, ಸ್ವರ ಕೊನೆ’ ಎಂಬ ಎರಡು ಗೂಟಗಳು ಅಲ್ಲಿ ನೆಲಕ್ಕೆ ಇಳಿಯುವುದೇ ಇಲ್ಲ. ಗಣೆಯಲ್ಲಿ ನಾದದಷ್ಟೇ ಉಸಿರಿನ ಸದ್ದೂ ಇದೆ. ಇಂಥ ವಾದ್ಯ ಹಾಡಿನಲ್ಲಿ ಬೇಕಾದರೆ ಕಲಾವಿದರನ್ನೇ ಕರೆದು, ಸಂಭಾವನೆ ಕೊಟ್ಟು, ಮೈಕ್ ಮುಂದೆ ಕೂರಿಸಿ ನೇರ ಆಡಿಯೊ ಮಾಡುವುದೇ ಸರಿ. ಮಿಡಿಯಿಂದ ಇಳಿಸಿದ ಉಳಿದ ಟ್ರ್ಯಾಕುಗಳನ್ನು ಹೆಡ್‌ಫೋನಿನಲ್ಲಿ ಅವರಿಗೆ ಕೇಳಿಸಬಹುದು. ಕ್ಲಿಕ್ ಕೊಟ್ಟು ಅದಕ್ಕೆ ಸರಿಯಾಗಿ ನುಡಿಸಿ ಎಂದರೆ ಉರುಮೆಯವರ ಲಯ ಬಿಗಿದುಕೊಳ್ಳುತ್ತದೆ. ಮೊದಲು ಉರುಮೆ ಮುದ್ರಿಸಿ, ಆಮೇಲೆ ಮಿಡಿಯ ಟೆಂಪೊವನ್ನು ಅದಕ್ಕೆ ಹೊಂದಿಸುವ ತಿರುಗು ಕ್ರಮವನ್ನೂ ಯೋಚಿಸಬೇಕು.

ಉಲ್ಟಾ ಪರಿವರ್ತನೆ, ಅಂದರೆ ಆಡಿಯೊದಿಂದ ಮಿಡಿ ಹುಡುಕುವ ತಂತ್ರಾಂಶಗಳೂ ಇವೆ. ಅವು ಸ್ವರದ ಎತ್ತರವನ್ನು ಅಂದಾಜು ಮಾಡಿ ಸಂಖ್ಯೆ ಬರೆಯುತ್ತವೆ. ಪಿಯಾನೊ ಒಂಟಿಯಾಗಿ ನುಡಿದಿದ್ದರೆ ಫಲಿತಾಂಶ ಚೆನ್ನಾಗಿರುತ್ತದೆ. ಹಾಡುವ ಕಂಠಕ್ಕೆ ಹಾಗಲ್ಲ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಜನಪದ ಗಾಯಕಿ ನಾಡೋಜ ಸಿರಿಯಜ್ಜಿಯ ಪದಗಳನ್ನು ಕೃಷ್ಣಮೂರ್ತಿ ಹನೂರು ಬರಹಕ್ಕೆ ತಂದರು. ಅಂಥ ಕಂಠದ ಮುದ್ರಣವನ್ನು ಈ ತಂತ್ರಾಂಶಕ್ಕೆ ಕೊಟ್ಟರೆ ಕೈಗೆ ಬರುವುದು ಮೆಟ್ಟಿಲು ಮೆಟ್ಟಿಲಾದ ಒಂದು ಸ್ವರಸಾಲು. ಮಾತು ಎಲ್ಲಿ ಹಾಡಾಯಿತು, ಹಾಡು ಎಲ್ಲಿ ಉಸಿರಾಯಿತು ಎಂಬುದಕ್ಕೆ ಅದರಲ್ಲಿ ಅಂಕಿಯಿಲ್ಲ.

ಕಾಪಿಡುವುದು

ಆಡಿಯೊ ಆಯಿತೆಂದು ಮಿಡಿಯನ್ನು ಅಳಿಸುವವರಿದ್ದಾರೆ, ಮಿಡಿ ಇದೆಯಲ್ಲ ಎಂದು ಆಡಿಯೊ ಮಾಡದೆ ಬಿಡುವವರೂ ಇದ್ದಾರೆ. ಎರಡನೆಯವರಿಗೇ ಹೆಚ್ಚು ನಷ್ಟ. ಹಾಡಿನ ಮೂಲ ಯೋಜನೆ, ಮಿಡಿ ಫೈಲು, ವಾದ್ಯವಾರು ಒಣ ವೇವ್ ಫೈಲುಗಳು, ಕೊನೆಯ ಮಿಕ್ಸ್ ಈ ನಾಲ್ಕನ್ನೂ ಎರಡು ಬೇರೆ ಡಿಸ್ಕುಗಳಲ್ಲಿ ಇಡುವುದು ವಾಡಿಕೆ. ವೇವ್ ಫೈಲುಗಳೆಲ್ಲ ಹಾಡಿನ ಸೊನ್ನೆ ಗಳಿಗೆಯಿಂದಲೇ ಶುರುವಾಗಬೇಕು. ಕೊಳಲು ಎರಡನೇ ಚರಣದಲ್ಲಿ ಮಾತ್ರ ಬಂದರೂ ಮೊದಲಿನ ಮೌನ ಫೈಲಿನಲ್ಲಿರಲಿ. ಆಗ ಯಾವ ಊರಿನ ಯಾವ ಸಾಫ್ಟ್‌ವೇರಿನಲ್ಲಿ ತೆರೆದರೂ ಎಲ್ಲವೂ ತಮ್ಮ ಜಾಗದಲ್ಲಿ ಕೂರುತ್ತವೆ. ಫೈಲಿನ ಹೆಸರಲ್ಲೇ ಶ್ರುತಿ, ವೇಗ, ಬೆಂಡ್ ಅಂಕಿ ಬರೆದಿಟ್ಟರೆ ಐದು ವರ್ಷದ ಮೇಲೆ ತೆರೆಯುವವರು ಹರಸುತ್ತಾರೆ.

ತೊಂಬತ್ತರ ದಶಕದ ಕೀಬೋರ್ಡ್‌ಗಳು ಹಾಡುಗಳನ್ನು ಮೂರೂವರೆ ಇಂಚಿನ ಫ್ಲಾಪಿಯಲ್ಲಿ ಉಳಿಸುತ್ತಿದ್ದವು. ಡಿಸ್ಕ್ ಕೆಟ್ಟಿರದೆ, ಅದನ್ನು ಓದುವ ಡ್ರೈವ್ ಸಿಕ್ಕರೆ ಅದರೊಳಗಿನ ಮಿಡಿಯನ್ನು ಇಂದಿನ ಕಂಪ್ಯೂಟರ್ ಸಲೀಸಾಗಿ ಓದುತ್ತದೆ, ಸ್ವರವೊಂದೂ ತಪ್ಪದೆ ನುಡಿಸುತ್ತದೆ. ಆದರೆ ಅದನ್ನು ನುಡಿಸಲು ಅಂದು ಆರಿಸಿದ್ದ ಟೋನ್ ಆ ಕೀಬೋರ್ಡಿನ ಚಿಪ್ಪಿನಲ್ಲಿತ್ತು, ಕೀಬೋರ್ಡ್ ಗುಜರಿಗೆ ಹೋಗಿ ಎಷ್ಟೋ ಕಾಲವಾಗಿದೆ.